ಕೊಚ್ಚಿಯ ಕೋಟೆ ಎಲ್ಲಿ ಹೋಯಿತು?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ಈಚೆಗೆ ಫೋರ್ಟ್ ಕೊಚ್ಚಿಯನ್ನು ಕುರಿತು ಪ್ರಕಟವಾದ ಬರಹವನ್ನು ಆಸಕ್ತಿಯಿಂದ ಓದಿದೆ. ಚೀನಾ ಬಲೆಗಳು, ಸಂತ ಫ್ರಾನ್ಸಿಸ್ ಚರ್ಚು, ಮಟ್ಟಾಂಚೇರಿಯ ಅರಮನೆ, ಮೆಣಸು ಏಲಕ್ಕಿಗಳ ಹಳೆಯ ಮಂಡಿಗಳು ಎಲ್ಲವೂ ಅದರಲ್ಲಿ ಚೆನ್ನಾಗಿ ಬಂದಿದ್ದವು. ಆದರೆ ಆ ಊರು ಬೆಳೆದದ್ದೇ ಒಂದು ಕೋಟೆಯ ಸುತ್ತ. ಆ ಕೋಟೆಯ ಬಗ್ಗೆ ಮಾತ್ರ 'ಈಗ ಅವಶೇಷಗಳಷ್ಟೇ ಉಳಿದಿವೆ' ಎಂಬ ಒಂದೇ ಮಾತಿತ್ತು. ಶಬರಿಮಲೆಗೆ ಹೋಗಿ ಬರುವ ದಾರಿಯಲ್ಲಿ ಕೊಚ್ಚಿಗೂ ಒಂದು ಸುತ್ತು ಹಾಕಿ ಬರುವ ಚಿತ್ರದುರ್ಗ, ದಾವಣಗೆರೆ ಕಡೆಯ ಮಾಲಾಧಾರಿಗಳು ಊರಿಗೆ ಮರಳಿದ ಮೇಲೆ ಕೇಳುವ ಪ್ರಶ್ನೆಯೂ ಇದೇ: ಅಲ್ಲೆಲ್ಲೂ ಕೋಟೆಯೇ ಕಾಣಲಿಲ್ಲವಲ್ಲ? ತಲೆಯೆತ್ತಿದರೆ ಏಳು ಸುತ್ತಿನ ಕೋಟೆ ಕಾಣುವ ಊರಿನವರಿಗೆ ಈ ಪ್ರಶ್ನೆ ಬರುವುದು ಸಹಜ. ಅದಕ್ಕೆ ಉತ್ತರವಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಆ ಉತ್ತರದಲ್ಲಿ ನಮ್ಮ ದುರ್ಗಕ್ಕೆ ಸಂಬಂಧಿಸಿದ ಸಂಗತಿಯೂ ಇರುವುದರಿಂದ ಪತ್ರ ಸ್ವಲ್ಪ ದೀರ್ಘವಾದರೂ ತಾವು ಪ್ರಕಟಿಸುವಿರೆಂದು ನಂಬಿದ್ದೇನೆ.

ಪೋರ್ಚುಗೀಸರ ನಾವಿಕ ಕಬ್ರಾಲ್ ಕೊಚ್ಚಿಗೆ ಬಂದದ್ದು 1500ರ ಡಿಸೆಂಬರಿನಲ್ಲಿ. ಕಲ್ಲಿಕೋಟೆಯ ಸಾಮೂದಿರಿಯೊಡನೆ ಜಗಳ ಮಾಡಿಕೊಂಡು ಬಂದಿದ್ದ ಈ ಪರಕೀಯರನ್ನು ಕೊಚ್ಚಿಯ ಅರಸ ಬರಮಾಡಿಕೊಂಡ. ಸಾಮೂದಿರಿಯ ಮೇಲಾಳ್ವಿಕೆಗೆ ತಲೆಬಾಗಿ ಬೇಸತ್ತಿದ್ದ ಆ ಅರಸನಿಗೆ ಇವರು ದೇವರೇ ಕಳುಹಿಸಿದ ನೆಂಟರಂತೆ ಕಂಡಿರಬೇಕು. ಆ ನೆಂಟಸ್ತನದ ಬೆಲೆ ತೆರಬೇಕಾಗಿ ಬಂದದ್ದು 1503ರಲ್ಲಿ. ಸಾಮೂದಿರಿಯ ಸೈನ್ಯ ಕೊಚ್ಚಿಯ ಮೇಲೆ ಏರಿ ಬಂದಾಗ ಅರಸ ರಾಜಧಾನಿಯನ್ನು ಬಿಟ್ಟು ಎದುರಿನ ವೈಪಿನ್ ದ್ವೀಪದಲ್ಲಿ ತಲೆಮರೆಸಿಕೊಳ್ಳಬೇಕಾಯಿತು. ಅದೇ ವರ್ಷ ಅಲ್ಬುಕರ್ಕ್ ಸೋದರಬಂಧುಗಳ ಹಡಗುಗಳು ಬಂದು ಅವನನ್ನು ಮತ್ತೆ ಪಟ್ಟದ ಮೇಲೆ ಕೂರಿಸಿದವು. ಉಪಕಾರ ಪಡೆದ ಅರಸ ಸಮುದ್ರದ ಬಾಯಿಯಲ್ಲಿ, ಹಿನ್ನೀರು ಕಡಲಿಗೆ ಸೇರುವ ಆಯಕಟ್ಟಿನ ಜಾಗದಲ್ಲಿ, ಕೋಟೆ ಕಟ್ಟಿಕೊಳ್ಳಲು ಅಪ್ಪಣೆ ಕೊಟ್ಟ. ಯುರೋಪಿನವರು ಭಾರತದ ನೆಲದಲ್ಲಿ ಕಟ್ಟಿದ ಮೊದಲ ಕೋಟೆ ಅದು. ಪೋರ್ಚುಗಲ್ಲಿನ ದೊರೆ ಮ್ಯಾನುಯೆಲನ ಹೆಸರನ್ನು ಅದಕ್ಕೆ ಇಟ್ಟರು.

ಕೋಟೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಬಂಡೆಗಲ್ಲಿನ ಗೋಡೆ ಅಲ್ಲಿರಲಿಲ್ಲ. ತೆಂಗಿನ ಮರದ ಬೊಡ್ಡೆಗಳನ್ನು ಎರಡು ಸಾಲಾಗಿ ನೆಟ್ಟು, ಕಬ್ಬಿಣದ ಪಟ್ಟಿಗಳಿಂದ ಬಿಗಿದು, ನಡುವಿನ ತೆರಪಿಗೆ ಮಣ್ಣು ತುಂಬಿ ಗಟ್ಟಿಸಿದ ಆವರಣವೇ ಮೊದಲ ಕೋಟೆ. ಮರುವರ್ಷ ಸಾಮೂದಿರಿ ಮತ್ತೆ ದಂಡೆತ್ತಿ ಬಂದಾಗ ದುವಾರ್ತೆ ಪಚೆಕೊ ಎಂಬ ದಳಪತಿ ಬಹಳ ಚಿಕ್ಕ ಪಡೆಯನ್ನಿಟ್ಟುಕೊಂಡು ಕೊಚ್ಚಿಯನ್ನು ಉಳಿಸಿಕೊಂಡ. ಅವನಿಗೆ ಆಸರೆಯಾದದ್ದು ಈ ತೆಂಗಿನ ಕೋಟೆಗಿಂತ ಹೆಚ್ಚಾಗಿ ಹಿನ್ನೀರಿನ ಹಾಯ್ಗಡಗಳು ಮತ್ತು ಹಡಗಿನ ಫಿರಂಗಿಗಳು. ಮುಂದೆ ಕಲ್ಲು ಗಾರೆಯ ಗೋಡೆ ಎದ್ದಿತು. 1538ರ ಹೊತ್ತಿಗೆ ಅದನ್ನು ಇನ್ನಷ್ಟು ಬಲಪಡಿಸಿದರು. 1505ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಆಗಿ ಬಂದ ಅಲ್ಮೇಡಾನ ಕಾಲದಿಂದ 1530ರವರೆಗೆ, ಅಂದರೆ ರಾಜಧಾನಿ ಗೋವೆಗೆ ಹೋಗುವವರೆಗೆ, ಪೋರ್ಚುಗೀಸರ ಪೂರ್ವದೇಶದ ಆಡಳಿತ ಇದೇ ಕೋಟೆಯೊಳಗಿಂದ ನಡೆಯಿತು. ಆ ಗೋವೆಯನ್ನು 1510ರಲ್ಲಿ ಗೆಲ್ಲಲು ಅಲ್ಬುಕರ್ಕನಿಗೆ ದಾರಿ ತೋರಿದವನು ನಮ್ಮ ಹೊನ್ನಾವರದ ತಿಮ್ಮೋಜ ಎಂಬುದನ್ನು ಇಲ್ಲಿಯೇ ನೆನೆಯಬಹುದು. ಕರಾವಳಿಯ ಕೋಟೆಗಳ ಕಥೆಯಲ್ಲಿ ಕನ್ನಡ ನಾಡಿನವರು ಬರೀ ಪ್ರೇಕ್ಷಕರಾಗಿರಲಿಲ್ಲ. ವಾಸ್ಕೋ ಡ ಗಾಮ 1524ರ ಡಿಸೆಂಬರಿನಲ್ಲಿ ತೀರಿಕೊಂಡದ್ದೂ ಕೊಚ್ಚಿಯಲ್ಲಿಯೇ. ಅವನ ಅಸ್ಥಿಗಳನ್ನು ಹಲವು ವರ್ಷಗಳ ಅನಂತರ ಪೋರ್ಚುಗಲ್ಲಿಗೆ ಒಯ್ದರೂ ಸಂತ ಫ್ರಾನ್ಸಿಸ್ ಚರ್ಚಿನಲ್ಲಿ ಅವನ ಸಮಾಧಿಕಲ್ಲು ಇಂದಿಗೂ ಇದೆ.

ಕೋಟೆ ಕರಗತೊಡಗಿದ್ದು ಯಾವಾಗ ಎಂಬುದು ನನ್ನ ದೃಷ್ಟಿಯಲ್ಲಿ ಮುಖ್ಯವಾದ ಪ್ರಶ್ನೆ. ಡಚ್ಚರ ಈಸ್ಟ್ ಇಂಡಿಯಾ ಕಂಪನಿ 1662ರಲ್ಲಿ ಒಮ್ಮೆ ಸೋತು, 1663ರ ಜನವರಿಯಲ್ಲಿ ಕೊಚ್ಚಿಯನ್ನು ಗೆದ್ದಿತು. ಗೆದ್ದವರು ಕೋಟೆಯನ್ನು ಭದ್ರಪಡಿಸುತ್ತಾರೆ ಎಂದು ನಾವು ಭಾವಿಸುತ್ತೇವೆ. ಡಚ್ಚರು ಮಾಡಿದ್ದು ಇದಕ್ಕೆ ವಿರುದ್ಧವಾದ ಕೆಲಸ. ಪೋರ್ಚುಗೀಸರ ಕೊಚ್ಚಿ ಚರ್ಚುಗಳು, ಮಠಗಳು, ಗೃಹಸ್ಥರ ಮನೆಗಳು ಎಲ್ಲವನ್ನೂ ಒಳಗೊಂಡ ದೊಡ್ಡ ಪಟ್ಟಣವಾಗಿತ್ತು. ಅಷ್ಟುದ್ದದ ಗೋಡೆಯನ್ನು ಕಾಯಲು ಎಷ್ಟು ಸಿಪಾಯಿಗಳು ಬೇಕು, ಅವರ ಸಂಬಳ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುವ ವ್ಯಾಪಾರಿ ಕಂಪನಿಗೆ ಪಟ್ಟಣಕ್ಕಿಂತ ಬಂದರು, ಬಂದರಿಗಿಂತ ಮೆಣಸಿನ ಉಗ್ರಾಣ ಮುಖ್ಯ. ಆದ್ದರಿಂದ ಅವರು ಪೋರ್ಚುಗೀಸ್ ಪಟ್ಟಣದ ಬಹುಭಾಗವನ್ನು ನೆಲಸಮ ಮಾಡಿದರು. ಕೋಟೆಯ ಹರವನ್ನು ಮೂರರಲ್ಲಿ ಒಂದು ಪಾಲಿನಷ್ಟಕ್ಕೆ ಕುಗ್ಗಿಸಿದರು. ಚರ್ಚುಗಳಲ್ಲಿ ಒಂದನ್ನು ತಮ್ಮ ಪಂಥದ ಪ್ರಾರ್ಥನೆಗೆ ಇಟ್ಟುಕೊಂಡು, ದೊಡ್ಡ ಕೆಥೆಡ್ರಲ್ಲನ್ನು ಸರಕು ತುಂಬುವ ಕೋಠಿಯಾಗಿಸಿದರು. ಚಿಕ್ಕದಾದ ಹೊಸ ಕೋಟೆಗೆ ಕೊತ್ತಲಗಳನ್ನು ಕಟ್ಟಿ ಹಾಲೆಂಡ್, ಗೆಲ್ಡರ್‌ಲ್ಯಾಂಡ್ ಎಂದು ತಮ್ಮ ನಾಡಿನ ಪ್ರಾಂತಗಳ ಹೆಸರನ್ನು ಕೊಟ್ಟರು.

1667ರಲ್ಲಿ, ಅಂದರೆ ಗೆದ್ದ ನಾಲ್ಕೇ ವರ್ಷಕ್ಕೆ, ಸ್ಟ್ರೋಮ್‌ಬರ್ಗ್ ಕೊತ್ತಲದ ಜಾಗದಲ್ಲಿ ಒಂದು ಮನೆ ಎದ್ದಿತು. ಅದೇ ಇಂದು ಬಾಸ್ಟಿಯನ್ ಬಂಗಲೆ ಎಂದು ಹೆಸರಾದ ಕಟ್ಟಡ. ಹೆಂಚಿನ ಮಾಡು, ಮುಂಭಾಗದಲ್ಲಿ ಮರದ ಮೊಗಸಾಲೆ, ದಪ್ಪ ಗೋಡೆ. ಯುರೋಪಿನ ಅಳತೆಯನ್ನೂ ಮಲಬಾರಿನ ಮಳೆಗಾಲವನ್ನೂ ಒಟ್ಟಿಗೆ ಬಲ್ಲ ಬಡಗಿಗಳ ಕೈಕೆಲಸ ಅದರಲ್ಲಿ ಕಾಣುತ್ತದೆ. ಕೋಟೆ ಸತ್ತ ಮೇಲೆ ಅದರ ಗೋರಿಯ ಮೇಲೆ ಮನೆ ಕಟ್ಟಿದರೆಂದು ಸಾಮಾನ್ಯವಾಗಿ ಹೇಳುವುದುಂಟು. ವಾಸ್ತವದಲ್ಲಿ ಕೋಟೆ ಇನ್ನೂ ಬಾಳುತ್ತಿದ್ದಾಗಲೇ, ಅದರ ಕಾವಲುಗಾರರು ಗೋಡೆಯ ಮೇಲೆ ಓಡಾಡುತ್ತಿದ್ದಾಗಲೇ, ಕೊತ್ತಲವೊಂದು ಮನೆಯಾಗತೊಡಗಿತ್ತು. ಮುಂದೆ ನೂರಿಪ್ಪತ್ತೆಂಟು ವರ್ಷ ಅಲ್ಲಿ ಡಚ್ಚರ ಆಡಳಿತ ನಡೆಯಿತು.

1795ರಲ್ಲಿ ಫ್ರೆಂಚರ ಸೇನೆ ಹಾಲೆಂಡನ್ನು ಆಕ್ರಮಿಸಿತು. ಇಂಗ್ಲೆಂಡಿಗೆ ಓಡಿಹೋದ ಡಚ್ಚರ ಮುಖ್ಯಾಧಿಪತಿ ಐದನೆಯ ವಿಲಿಯಂ ತನ್ನ ವಸಾಹತುಗಳನ್ನು ಇಂಗ್ಲಿಷರ ವಶಕ್ಕೆ ಒಪ್ಪಿಸಬೇಕೆಂದು ಕ್ಯೂ ಎಂಬಲ್ಲಿಂದ ಪತ್ರ ಬರೆದ. ಕೊಚ್ಚಿಯ ಡಚ್ ಅಧಿಕಾರಿಗಳು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಇಂಗ್ಲಿಷರ ಪಡೆ ಮುತ್ತಿಗೆ ಹಾಕಿದ ಮೇಲೆ ಅಕ್ಟೋಬರಿನಲ್ಲಿ ಶರಣಾದರು. ಹನ್ನೊಂದು ವರ್ಷಗಳ ಬಳಿಕ, 1806ರಲ್ಲಿ, ಇಂಗ್ಲಿಷರೇ ಮದ್ದಿಟ್ಟು ಕೋಟೆಯ ಗೋಡೆಗಳನ್ನೂ ಕೊತ್ತಲಗಳನ್ನೂ ಸಿಡಿಸಿದರು. ಆಗ ಕೊಚ್ಚಿಯ ಬಾಗಿಲಲ್ಲಿ ಯಾವ ಶತ್ರುವೂ ಇರಲಿಲ್ಲ. ಟಿಪ್ಪು ಮಡಿದು ಏಳು ವರ್ಷಗಳಾಗಿದ್ದವು. ಇಂಗ್ಲಿಷರಿಗೆ ಇದ್ದದ್ದು ಯುರೋಪಿನ ಮೇಜಿನ ಮೇಲಿನ ಭಯ ಎಂಬುದು ನನ್ನ ಊಹೆ. ಒಂದು ಸಂಧಿಯಲ್ಲಿ ಗೆದ್ದ ಊರನ್ನು ಮುಂದಿನ ಸಂಧಿಯಲ್ಲಿ ಹಿಂದಿರುಗಿಸಬೇಕಾಗುತ್ತಿದ್ದ ಕಾಲವದು; ಊರನ್ನು ಕೊಡಬೇಕಾಗಿ ಬಂದರೂ ಕೋಟೆಯನ್ನು ಕೊಡಬೇಕಾಗಿ ಬರಬಾರದಷ್ಟೆ. 1814ರ ಒಪ್ಪಂದದಲ್ಲಿ ಡಚ್ಚರು ಸುಮಾತ್ರದ ಬಳಿಯ ಬಂಕಾ ದ್ವೀಪಕ್ಕೆ ಪ್ರತಿಯಾಗಿ ಕೊಚ್ಚಿಯನ್ನು ಇಂಗ್ಲಿಷರಿಗೆ ಶಾಶ್ವತವಾಗಿ ಬಿಟ್ಟುಕೊಟ್ಟರು. ಆ ಹೊತ್ತಿಗೆ ಬಿಟ್ಟುಕೊಡಲು ಕೋಟೆಯೇ ಉಳಿದಿರಲಿಲ್ಲ.

ಗೋಡೆ ಹೋದರೂ ಕೊತ್ತಲದ ಮಣ್ಣಿನ ದಿಬ್ಬಗಳು ಉಳಿದವು. ಸಮತಟ್ಟಾದ ಕಡಲತಡಿಯಲ್ಲಿ ಗಾಳಿ ಬೀಸುವ, ನೀರು ನಿಲ್ಲದ ಎತ್ತರದ ಜಾಗ ಬೇಕೆಂದರೆ ಅವೇ ಇದ್ದದ್ದು. ಗೆಲ್ಡರ್‌ಲ್ಯಾಂಡ್ ಕೊತ್ತಲದ ದಿಬ್ಬದ ಮೇಲೆ ಬ್ರಿಟಿಷರ ಕಾಲದಲ್ಲಿ ಇನ್ನೊಂದು ಬಂಗಲೆ ಎದ್ದು, ನ್ಯಾಷನಲ್ ಬ್ಯಾಂಕ್ ಆಫ್ ಇಂಡಿಯಾದ ವ್ಯವಸ್ಥಾಪಕರ ನಿವಾಸವಾಯಿತು. ಈಗ ಅದು ಠಾಕೂರ್ ಹೌಸ್. ಚಹಾ ವ್ಯಾಪಾರದ ಸಂಸ್ಥೆಯೊಂದಕ್ಕೆ ಸೇರಿದೆ. ಬಾಸ್ಟಿಯನ್ ಬಂಗಲೆ ಬಹುಕಾಲ ಉಪ ಜಿಲ್ಲಾಧಿಕಾರಿಗಳ ಅಧಿಕೃತ ನಿವಾಸವಾಗಿದ್ದು, ಬಳಿಕ ಕೇರಳ ಸರ್ಕಾರದ ಸಂರಕ್ಷಣೆಗೆ ಸೇರಿ ವಸ್ತುಸಂಗ್ರಹಾಲಯವಾಗಿದೆ. ಈ ಬಂಗಲೆಯ ಅಡಿಯಲ್ಲಿ ಗುಪ್ತ ಸುರಂಗವಿದೆ ಎಂಬ ನಂಬಿಕೆ ಅಲ್ಲಿನವರಲ್ಲಿದೆ. ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಕೋಟೆಯಿದ್ದ ಕಡೆಯಲ್ಲೆಲ್ಲ ಸುರಂಗದ ಕಥೆ ಇರಲೇಬೇಕೆಂಬುದು ಮಲಯಾಳಿಗಳಿಗೂ ನಮಗೂ ಸಮಾನವಾದ ಹಟವೆಂದು ತೋರುತ್ತದೆ. ಇನ್ನು ಕಡಲಂಚಿನ ನಡಿಗೆದಾರಿಯಲ್ಲಿ ಒಂದಿಷ್ಟು ಗೋಡೆಯ ತುಣುಕು, ಕೆಲವು ಹಳೆಯ ಫಿರಂಗಿಗಳು. ಪುರವಣಿಯ ಬರಹ 'ಅವಶೇಷ' ಎಂದದ್ದು ಇವನ್ನೇ. ಪ್ರವಾಸಿಗರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಇಷ್ಟೇ ಕೋಟೆ ಎಂದು ನಿರಾಶರಾಗಿ ಹೊರಡುತ್ತಾರೆ. ಅವರು ನೋಡಬೇಕಾದದ್ದು ಆ ಎರಡು ಮನೆಗಳನ್ನು. ಕೊತ್ತಲ ಎಲ್ಲಿತ್ತು, ಫಿರಂಗಿಯ ಬಾಯಿ ಯಾವ ಕಡೆಗಿತ್ತು, ಬಂದರಿನ ಬಾಯಿಯನ್ನು ಯಾವ ಎತ್ತರದಿಂದ ಕಾಯುತ್ತಿದ್ದರು ಎಂಬುದನ್ನು ಆ ಮನೆಗಳ ಅಂಗಳದಲ್ಲಿ ನಿಂತವರು ಲೆಕ್ಕ ಹಾಕಬಲ್ಲರು. ಕೋಟೆಯನ್ನು ಕೆಡವಿದವರು ಉಳಿಸದ ಗುರುತನ್ನು ಮನೆ ಕಟ್ಟಿದವರು ತಮಗೆ ತಿಳಿಯದೆಯೇ ಉಳಿಸಿದರು.

ಹೋಲಿಕೆಗೆ ನಮ್ಮದೇ ಮಂಗಳೂರನ್ನು ನೋಡೋಣ. ಅಲ್ಲಿಯೂ ಪೋರ್ಚುಗೀಸರು 1568ರಲ್ಲಿ ಸಂತ ಸೆಬಾಸ್ಟಿಯನ್ನನ ಹೆಸರಿನಲ್ಲಿ ಕೋಟೆ ಕಟ್ಟಿದ್ದರು. ಮುಂದೆ ಅದು ಕೆಳದಿಯವರ, ಹೈದರನ ಕೈಗಳನ್ನು ದಾಟಿ 1783ರಲ್ಲಿ ಇಂಗ್ಲಿಷರಿಗೆ ಸಿಕ್ಕಿತು. ಅದೇ ವರ್ಷ ಟಿಪ್ಪು ಮುತ್ತಿಗೆ ಹಾಕಿದಾಗ ಕರ್ನಲ್ ಕ್ಯಾಂಬೆಲ್ಲನ ಪಡೆ ಹಸಿವು ಕಾಯಿಲೆಗಳಿಂದ ಸೊರಗಿ ಸೊರಗಿ, 1784ರ ಜನವರಿ ಕೊನೆಯಲ್ಲಿ ಕೋಟೆಯನ್ನು ಬಿಟ್ಟುಕೊಟ್ಟಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಇಷ್ಟು ಕಷ್ಟಪಟ್ಟು ಪಡೆದ ಕೋಟೆಯನ್ನು ಟಿಪ್ಪು ಆ ಮೇಲೆ ಕೆಡವಿಸಿದ. ಕಡಲಿನಿಂದ ಬರುವ ಶತ್ರುವಿಗೆ ಕರಾವಳಿಯ ಕೋಟೆಯೊಂದು ಸಿಕ್ಕರೆ ಎಷ್ಟು ತಿಂಗಳು ಸತಾಯಿಸಬಲ್ಲನೆಂಬುದನ್ನು ಅವನು ಕಣ್ಣಾರೆ ಕಂಡಿದ್ದ. ಬೋಳೂರಿನ ಸುಲ್ತಾನ್ ಬತ್ತೇರಿ ಇಂದು ಪ್ರಸಿದ್ಧವಾಗಿದೆ. ಮಂಗಳೂರಿಗೆ ಹೋದವರೆಲ್ಲ ಅದನ್ನೇ ಮಂಗಳೂರು ಕೋಟೆಯೆಂದು ತಿಳಿದು ಬರುತ್ತಾರೆ. ಅದು ಹೊಳೆಯ ಬಾಯಿ ಕಾಯುವ ಕಾವಲು ಬುರುಜು ಮಾತ್ರ. ನಿಜವಾದ ಕೋಟೆಯ ಗೆರೆ ಪಟ್ಟಣದ ಬೀದಿಗಳೊಳಗೆ ಅಳಿಸಿಹೋಗಿದೆ. ಕೊಚ್ಚಿಯಲ್ಲಿ ಕೋಟೆ ಹೋಯಿತು, ಜಾಗದ ನೆನಪು ಉಳಿಯಿತು; ಮಂಗಳೂರಿನಲ್ಲಿ ಎರಡೂ ಹೋದವು. ಎರಡು ಕಡೆಯೂ ಕೆಡವಿದವನು ಮುತ್ತಿಗೆ ಹಾಕಿದ ಶತ್ರುವಲ್ಲ, ಆಗ ಕೋಟೆಯ ಒಡೆಯನಾಗಿದ್ದವನೇ ಎಂಬುದನ್ನು ಗಮನಿಸಬೇಕು. ಬೆಂಗಳೂರಿನ ಕೋಟೆ ದೆಹಲಿ ಬಾಗಿಲಿಗೆ ಇಳಿದದ್ದೂ ಹೆಚ್ಚುಕಡಿಮೆ ಹೀಗೆಯೇ.

ಚಿತ್ರದುರ್ಗದವನಾದ ನಾನು ಇದನ್ನೆಲ್ಲ ಬರೆಯಲು ಕಾರಣ ಇಷ್ಟು. ನಮ್ಮ ಬೆಟ್ಟದ ಮೇಲಿನ ಸುತ್ತುಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿ ಸುಭದ್ರವಾಗಿವೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ ಆ ಗೋಡೆಗಳನ್ನು ಸಿಡಿಸುವಷ್ಟು ಮದ್ದನ್ನು 1779ರಲ್ಲಿ ದುರ್ಗವನ್ನು ಗೆದ್ದ ಹೈದರನೂ ವ್ಯರ್ಥ ಮಾಡಲಿಲ್ಲ, ಆಮೇಲೆ ಬಂದ ಇಂಗ್ಲಿಷರೂ ಮಾಡಲಿಲ್ಲ. ಬೆಟ್ಟದ ಬುಡದಲ್ಲಿ, ಹಳೆಯ ಪೇಟೆಯೊಳಗೆ ಹಾದುಹೋಗುವ ಕೆಳಸುತ್ತುಗಳ ಸ್ಥಿತಿ ಬೇರೆ. ರಂಗಯ್ಯನ ಬಾಗಿಲಿನಂತಹ ಒಂದೆರಡು ಹೆಬ್ಬಾಗಿಲುಗಳು ಉಳಿದಿವೆ. ಅಲ್ಲಿ ವಸ್ತುಸಂಗ್ರಹಾಲಯವಿರುವುದೂ ಅದಕ್ಕೆ ಕಾರಣವಿರಬಹುದು. ಆದರೆ ಬಾಗಿಲಿನಿಂದ ಬಾಗಿಲಿಗೆ ಗೋಡೆ ಯಾವ ದಾರಿಯಲ್ಲಿ ಸಾಗುತ್ತಿತ್ತು, ಕಂದಕ ಎಷ್ಟು ಅಗಲವಿತ್ತು, ದಿಡ್ಡಿ ಬಾಗಿಲುಗಳು ಎಲ್ಲೆಲ್ಲಿದ್ದವು ಎಂದು ಇಂದಿನ ಹುಡುಗರನ್ನು ಕೇಳಿದರೆ ಹೇಳುವವರಿಲ್ಲ. ಗೋಡೆಗೆ ಒರಗಿ ಮನೆಗಳಿವೆ, ಕಂದಕದ ತಗ್ಗಿನಲ್ಲಿ ಮನೆಗಳಿವೆ, ಕೆಲವು ಮನೆಗಳ ಹಿತ್ತಿಲ ಗೋಡೆಯೇ ಕೋಟೆಯ ಗೋಡೆಯಾಗಿದೆ.

ಈ ಮನೆಗಳವರನ್ನು ನಾನು ದೂರುತ್ತಿಲ್ಲ. ಅಲ್ಲಿರುವವರಲ್ಲಿ ಅನೇಕರು ತಲೆಮಾರುಗಳಿಂದ ಬಾಳಿಕೊಂಡು ಬಂದವರು. ಕೋಟೆಯ ಕಲ್ಲು ಅವರಿಗೆ ಅಜ್ಜನ ಕಾಲದಿಂದ ಬಟ್ಟೆ ಒಗೆಯುವ ಕಲ್ಲು, ಜಗುಲಿಯ ಕಲ್ಲು. ಎಲ್ಲವನ್ನೂ ತೆರವುಗೊಳಿಸಿ ಎಂದು ಕೂಗುವವರೊಡನೆ ನನ್ನ ದನಿಯನ್ನು ಸೇರಿಸಲಾರೆ. ಕೊಚ್ಚಿಯ ಎರಡು ಬಂಗಲೆಗಳನ್ನು ಕುರಿತು ಇಷ್ಟು ವಿವರವಾಗಿ ಬರೆದದ್ದೂ ಅದಕ್ಕಾಗಿಯೇ. ಮನೆ ಕೋಟೆಗೆ ಯಾವಾಗಲೂ ವೈರಿಯಲ್ಲ. ಕೊತ್ತಲದ ದಿಬ್ಬವನ್ನು ಕಡಿದು ಸಮ ಮಾಡದೆ ಅದರ ಮೇಲೆಯೇ ಕಟ್ಟಿದ ಮನೆ ದಿಬ್ಬವನ್ನು ಉಳಿಸುತ್ತದೆ. ಜೆಸಿಬಿ ತಂದು ದಿಬ್ಬವನ್ನು ಒಂದೇ ದಿನದಲ್ಲಿ ತೆಗೆದು, ಸೈಜುಗಲ್ಲುಗಳನ್ನು ಪಾಯಕ್ಕೆ ತುಂಬಿ, ಮೇಲೆ ನಾಲ್ಕು ಅಂತಸ್ತಿನ ಆರ್‌ಸಿಸಿ ಕಟ್ಟಿದಾಗ ಮಾತ್ರ ಗೆರೆ ಪೂರ್ತಿ ಹೋಗುತ್ತದೆ. ಹಿಂದಿನವರ ಬಡತನ ಎಷ್ಟೋ ಗೋಡೆಗಳನ್ನು ಕಾಪಾಡಿತ್ತು. ಈಗ ಎಲ್ಲರಲ್ಲೂ ಅಷ್ಟಿಷ್ಟು ಹಣವಿದೆ, ಯಂತ್ರ ಬಾಡಿಗೆಗೆ ಸಿಗುತ್ತದೆ.

ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣ ಕೂಡದು, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು ಎಂದು 2010ರ ತಿದ್ದುಪಡಿಯಾದ ಕೇಂದ್ರ ಕಾಯ್ದೆ ಹೇಳುತ್ತದೆ. ಕಾಯ್ದೆ ಒಳ್ಳೆಯದೇ. ಆದರೆ ಅದು ಕಣ್ಣಿಗೆ ಕಾಣುವ, ಪಟ್ಟಿಯಲ್ಲಿರುವ ಸ್ಮಾರಕದಿಂದ ಅಳತೆ ಹಿಡಿಯುತ್ತದೆ. ಮಣ್ಣಿನಡಿ ಹೋದ ಗೋಡೆಗೆ ಅಳತೆ ಹಿಡಿಯುವವರು ಯಾರು? ಹಳ್ಳಿಗಳ ಪಾಡು ಇನ್ನೂ ಕಷ್ಟ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಪಾಳೆಯಗಾರರ ಕಾಲದ ಮಣ್ಣಿನ ಕೋಟೆ, ಅಗಸೆ ಬಾಗಿಲು, ಹುಡೇವು ಎಂಬ ಕಾವಲು ಬುರುಜುಗಳಿದ್ದವು. ಹಾಳುಕೋಟೆಯ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರವೆಂದು ಗಾಡಿಗಟ್ಟಲೆ ಹೋಯಿತು. ಉಳಿದ ಬುರುಜುಗಳ ಬುಡವನ್ನು ನಿಧಿಗಳ್ಳರು ಅಮಾವಾಸ್ಯೆ ರಾತ್ರಿಗಳಲ್ಲಿ ಅಗೆಯುತ್ತಾರೆ. ಒಂದು ಊರಿನ ಹುಡೇವು ಬಿದ್ದರೆ ಮರುದಿನದ ಪತ್ರಿಕೆಯಲ್ಲಿ ಅದು ಮಳೆಗೆ ಬಿದ್ದ ಗೋಡೆಗಳ ಲೆಕ್ಕದಲ್ಲಿ ಸೇರಿರುತ್ತದೆ.

ಆದ್ದರಿಂದ ನನ್ನ ಕೋರಿಕೆ ದೊಡ್ಡ ಯೋಜನೆಯದ್ದಲ್ಲ. ಮೈಸೂರು ಸಂಸ್ಥಾನದ ಕಂದಾಯ ಸರ್ವೆ 1863ರಲ್ಲಿ ಆರಂಭವಾದಾಗಿನಿಂದ ತಯಾರಾದ ಹಳೆಯ ಗ್ರಾಮ ನಕಾಶೆಗಳು, ಟಿಪ್ಪಣಿ ಪುಸ್ತಕಗಳು ಭೂದಾಖಲೆಗಳ ಕಚೇರಿಗಳಲ್ಲಿವೆ. ಕೋಟೆ, ಕಂದಕದ ಜಾಗವನ್ನು ಖರಾಬು ಎಂದು ಬರೆದಿಡುವ ರೂಢಿ ಅವುಗಳಲ್ಲಿತ್ತು. ಚಿತ್ರದುರ್ಗದ ಕೆಳಸುತ್ತುಗಳ ಮಟ್ಟಿಗಾದರೂ ಆ ನಕಾಶೆಗಳನ್ನೂ ಇಂದಿನ ಬೀದಿಗಳ ನಕ್ಷೆಯನ್ನೂ ಒಂದರ ಮೇಲೊಂದಿಟ್ಟು ಗೋಡೆಯ ಗೆರೆಯನ್ನು ಗುರುತಿಸುವ ಕೆಲಸವನ್ನು ನಮ್ಮ ಕಾಲೇಜುಗಳ ಇತಿಹಾಸ ಮತ್ತು ಭೂಗೋಳ ವಿಭಾಗಗಳು ಒಂದು ಬೇಸಿಗೆ ರಜೆಯಲ್ಲಿ ಮಾಡಬಲ್ಲವು. ಗೆರೆ ಸಿಕ್ಕಲ್ಲೆಲ್ಲ ರಸ್ತೆಗೆ ಅಡ್ಡವಾಗಿ ಬೇರೆ ಬಣ್ಣದ ಕಲ್ಲಿನ ಒಂದು ಪಟ್ಟಿಯನ್ನು ನಗರಸಭೆ ಹಾಸಿದರೆ ಸಾಕು. ಯಾರ ಮನೆಯನ್ನೂ ಮುಟ್ಟಬೇಕಾಗಿಲ್ಲ. ಹೇಗೂ ರಸ್ತೆಗಳಿಗೆ ಕಾಂಕ್ರೀಟು ಹಾಕುವ ಕೆಲಸ ನಡೆಯುತ್ತಲೇ ಇರುತ್ತದೆ, ಆ ವೆಚ್ಚದಲ್ಲಿ ಇದು ಎದ್ದು ಕಾಣುವ ಮೊತ್ತವಾಗದು. ಇನ್ನು ಮುಂದೆ ಆ ಗೆರೆಯ ಮೇಲೆ ಮನೆ ಕಟ್ಟಲು ಅರ್ಜಿ ಬಂದಾಗ ಪಾಯ ತೋಡುವ ದಿನ ಪುರಾತತ್ವ ಇಲಾಖೆಯ ಒಬ್ಬರು ಹಾಜರಿದ್ದು, ಸಿಕ್ಕದ್ದನ್ನು ಅಳೆದು, ಫೋಟೊ ತೆಗೆದು ಬರೆದುಕೊಳ್ಳಬೇಕೆಂಬ ಷರತ್ತನ್ನು ಪರವಾನಗಿಯಲ್ಲಿ ಸೇರಿಸಬಹುದು. ಮನೆಯವರಿಗೆ ಅದರಿಂದ ಆಗುವ ತಡ ಒಂದೆರಡು ದಿನದ್ದು.

ಹಳೆಯ ಪೇಟೆಯ ನಿವಾಸಿಗಳಲ್ಲಿ ಯಾರ ಬಳಿಯಾದರೂ ಕೆಳಸುತ್ತುಗಳ ಹಳೆಯ ಫೋಟೊಗಳು, ಮನೆಯ ಕ್ರಯಪತ್ರಗಳು ಇದ್ದು, ಅವುಗಳ ಚೆಕ್ಕುಬಂದಿಯಲ್ಲಿ 'ಪೂರ್ವಕ್ಕೆ ಕೋಟೆ ಗೋಡೆ', 'ದಕ್ಷಿಣಕ್ಕೆ ಕಂದಕ' ಎಂಬಂತಹ ಉಲ್ಲೇಖಗಳಿದ್ದರೆ ಅವು ಯಾವ ಶಾಸನಕ್ಕೂ ಕಡಿಮೆಯಲ್ಲ. ಅವುಗಳ ನೆರಳಚ್ಚು ಪ್ರತಿಯನ್ನು ರಂಗಯ್ಯನ ಬಾಗಿಲಿನ ವಸ್ತುಸಂಗ್ರಹಾಲಯಕ್ಕೆ ತಲುಪಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ,
ಚಿತ್ರದುರ್ಗ